ಕ್ಯಾಸಿನೊ ತರುವ ಹಣ ಯಾರ ಜೇಬಿನದು?

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಒಂದು ಕಾಲಕ್ಕೆ ಕಾರ್ಖಾನೆಗಳ ಊರು. ಸೈನ್ಯಕ್ಕೆ ಬಂದೂಕು ತಯಾರಿಸುತ್ತಿದ್ದ ಅಲ್ಲಿನ ಸರ್ಕಾರಿ ಕಾರ್ಖಾನೆ 1968ರಲ್ಲಿ ಮುಚ್ಚಿತು. 2011ರ ಜೂನ್ 1ರಂದು ಬೀಸಿದ ಸುಂಟರಗಾಳಿ ಊರಿನ ದಕ್ಷಿಣ ಭಾಗವನ್ನು ಹಾಳುಗೆಡವಿತು. ಅದೇ ವರ್ಷದ ನವೆಂಬರಿನಲ್ಲಿ ರಾಜ್ಯ ಸರ್ಕಾರ ಕ್ಯಾಸಿನೊಗಳಿಗೆ ಅವಕಾಶ ಕೊಡುವ ಕಾನೂನು ಮಾಡಿತು. ಸುಂಟರಗಾಳಿಗೆ ಸಿಕ್ಕಿದ್ದ ಆ ಬೀದಿಗಳಲ್ಲೇ ಎಂಜಿಎಂ ಕಂಪನಿ ಸುಮಾರು 96 ಕೋಟಿ ಡಾಲರ್ ಖರ್ಚಿನಲ್ಲಿ ಕ್ಯಾಸಿನೊ ಕಟ್ಟಿ, 2018ರ ಆಗಸ್ಟ್ 24ರಂದು ಬಾಗಿಲು ತೆರೆಯಿತು. ಜೂಜಿನಿಂದಲೇ ವರ್ಷಕ್ಕೆ 40 ಕೋಟಿ ಡಾಲರಿಗೂ ಹೆಚ್ಚು ವರಮಾನ, ಜೊತೆಗೆ 3,000 ಉದ್ಯೋಗ ಎಂಬುದು ಕಂಪನಿ ಮುಂದಿಟ್ಟಿದ್ದ ಅಂದಾಜು. ಮೊದಲ ವರ್ಷ ಬಂದದ್ದು 27 ಕೋಟಿ ಡಾಲರಿನ ಆಸುಪಾಸು. ಉದ್ಯೋಗಗಳ ಸಂಖ್ಯೆಯೂ ಕೋವಿಡ್ ಬರುವ ಮುಂಚೆಯೇ ಹೇಳಿದ್ದಕ್ಕಿಂತ ಕೆಳಗಿತ್ತು.

ಇದನ್ನು ಮೋಸ ಎಂದು ತಳ್ಳಿಹಾಕಿದರೆ ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ. ಆ ಅಂದಾಜಿನ ಹಿಂದೆ ಲೆಕ್ಕವಿತ್ತು, ಆ ಲೆಕ್ಕಕ್ಕೆ ದಶಕಗಳ ಇತಿಹಾಸವಿದೆ. ಮ್ಯಾಸಚೂಸೆಟ್ಸ್‌ನಲ್ಲಿ ಕ್ಯಾಸಿನೊ ಬರಬೇಕಾದ ಊರಿನ ಮತದಾರರೇ ಮೊದಲು ಒಪ್ಪಿಗೆ ಕೊಡಬೇಕು. ಸ್ಪ್ರಿಂಗ್‌ಫೀಲ್ಡ್‌ನವರು 2013ರ ಜುಲೈನಲ್ಲಿ ಮತ ಹಾಕಿ ಒಪ್ಪಿದರು. ಅವರ ಮುಂದಿದ್ದದ್ದು ಇಂಥ ಅಂಕಿಗಳೇ. ಆದ್ದರಿಂದ ಲೆಕ್ಕ ಎಲ್ಲಿ ಜಾರುತ್ತದೆ ಎಂಬುದು ಅರ್ಥಶಾಸ್ತ್ರಜ್ಞರಿಗಷ್ಟೇ ತಿಳಿದಿದ್ದರೆ ಸಾಲದು.

ಮೊದಲ ಪ್ರಶ್ನೆ, ಎಷ್ಟು ಜನ ಬರುತ್ತಾರೆ? ಇದಕ್ಕೆ ಬಳಸುವ ಸಾಧನಕ್ಕೆ ಗುರುತ್ವ ಮಾದರಿ ಎಂದು ಹೆಸರು. ಹತ್ತಿರದ, ದೊಡ್ಡ ಕಾಯ ಹೆಚ್ಚು ಸೆಳೆಯುತ್ತದೆ ಎಂಬ ನ್ಯೂಟನ್ನನ ಸೂತ್ರವನ್ನೇ 1931ರಲ್ಲಿ ವಿಲಿಯಂ ರೈಲಿ ಎಂಬಾತ ಅಂಗಡಿ ವ್ಯಾಪಾರಕ್ಕೆ ಅನ್ವಯಿಸಿದ. ಎರಡು ಪಟ್ಟಣಗಳ ನಡುವಿನ ಹಳ್ಳಿಯವರು ಯಾವ ಪಟ್ಟಣದ ಪೇಟೆಗೆ ಹೋಗುತ್ತಾರೆ ಎಂಬುದು ಆ ಪಟ್ಟಣಗಳ ಜನಸಂಖ್ಯೆ ಮತ್ತು ದೂರದ ವರ್ಗವನ್ನು ಅವಲಂಬಿಸಿದೆ ಎಂದ. 1960ರ ದಶಕದಲ್ಲಿ ಡೇವಿಡ್ ಹಫ್ ಅದನ್ನು ಸಂಭವನೀಯತೆಯ ಲೆಕ್ಕವಾಗಿಸಿದ. ಕ್ಯಾಸಿನೊಗಾದರೆ ಪಟ್ಟಣದ ಜನಸಂಖ್ಯೆಯ ಬದಲು ಸ್ಲಾಟ್ ಯಂತ್ರಗಳ ಸಂಖ್ಯೆ, ಹೋಟೆಲ್ ಕೋಣೆಗಳು. ಕಿಲೋಮೀಟರಿನ ಬದಲು ಕಾರಿನಲ್ಲಿ ತಗಲುವ ಸಮಯ. ಪಿನ್‌ಕೋಡ್‌ವಾರು ವಯಸ್ಕರ ಸಂಖ್ಯೆ, ಅವರ ಆದಾಯ ಸೇರಿಸಿದರೆ ವರ್ಷದ ವರಮಾನದ ಅಂದಾಜು ಹೊರಬರುತ್ತದೆ.

ಸ್ಪ್ರಿಂಗ್‌ಫೀಲ್ಡ್ ಹೆದ್ದಾರಿಯ ಮೇಲಿದೆ. ನೆರೆಯ ಕನೆಕ್ಟಿಕಟ್ ರಾಜ್ಯದ ರಾಜಧಾನಿ ಹಾರ್ಟ್‌ಫರ್ಡ್ ಅಲ್ಲಿಂದ ನಲವತ್ತು ಚಿಲ್ಲರೆ ಕಿಲೋಮೀಟರ್. ಕನೆಕ್ಟಿಕಟ್‌ನ ಎರಡು ದೊಡ್ಡ ಕ್ಯಾಸಿನೊಗಳಾದ ಫಾಕ್ಸ್‌ವುಡ್ಸ್ ಮತ್ತು ಮೊಹಿಗನ್ ಸನ್ ಹಾರ್ಟ್‌ಫರ್ಡಿನವರಿಗೆ ಅದಕ್ಕಿಂತ ದೂರ. ನಕ್ಷೆ ನೋಡಿದರೆ ಗಿರಾಕಿಗಳು ಸ್ಪ್ರಿಂಗ್‌ಫೀಲ್ಡ್‌ಗೇ ಬರಬೇಕು. ಆದರೆ ಆ ಎರಡು ಕ್ಯಾಸಿನೊಗಳು 1992 ಮತ್ತು 1996ರಿಂದಲೇ ಇದ್ದವು. ಅಲ್ಲಿನ ಸದಸ್ಯತ್ವದ ಕಾರ್ಡು, ವರ್ಷಗಟ್ಟಲೆ ಕೂಡಿಟ್ಟ ಪಾಯಿಂಟು, ಅದಕ್ಕೆ ಸಿಗುವ ಉಚಿತ ಕೋಣೆ, ಗುರುತಿನ ಸಿಬ್ಬಂದಿ ಎಲ್ಲವನ್ನೂ ಬಿಟ್ಟು ಬರಲು ಅರ್ಧ ಗಂಟೆಯ ಉಳಿತಾಯ ಸಾಲದು. ಗುರುತ್ವ ಮಾದರಿಗೆ ದೂರ ಗೊತ್ತು, ರೂಢಿ ಗೊತ್ತಿಲ್ಲ.

ಇಲ್ಲಿ ‘ವರಮಾನ’ ಎಂದರೆ ಏನು ಎಂಬುದನ್ನೂ ನೋಡಬೇಕು. ಆಡುವವರು ಇಟ್ಟ ಪಣದ ಒಟ್ಟು ಮೊತ್ತದಿಂದ ಗೆದ್ದವರಿಗೆ ಕೊಟ್ಟದ್ದನ್ನು ಕಳೆದರೆ ಉಳಿಯುವುದು ಕ್ಯಾಸಿನೊದ ವರಮಾನ. ಅಂದರೆ ಆಡಿದವರೆಲ್ಲ ಸೇರಿ ಸೋತ ಹಣ. ಸ್ಪ್ರಿಂಗ್‌ಫೀಲ್ಡ್‌ನ ಆ 27 ಕೋಟಿ ಡಾಲರ್ ಒಂದು ವರ್ಷದಲ್ಲಿ ಆ ಬಾಗಿಲಿನೊಳಗೆ ಹೋದವರು ಬಿಟ್ಟುಬಂದ ಮೊತ್ತ. ಬಹಳ ಮಂದಿ ಅದನ್ನು ಸಿನಿಮಾ ಟಿಕೆಟ್ಟಿನಂತೆ ಸಂತೋಷಕ್ಕೆ ಕೊಟ್ಟ ಬೆಲೆ ಎಂದುಕೊಂಡೇ ಕೊಟ್ಟಿರುತ್ತಾರೆ, ಅದನ್ನು ಅಲ್ಲಗಳೆಯಲಾಗದು. ಆದರೂ ಕ್ಯಾಸಿನೊ ವರಮಾನದ ಪ್ರತಿ ಮುನ್ನಂದಾಜೂ ಜನ ಎಷ್ಟು ಸೋಲುತ್ತಾರೆ ಎಂಬುದರ ಮುನ್ನಂದಾಜೇ.

ಎರಡನೆಯ ಹೆಜ್ಜೆ ಗುಣಕ. ಕ್ಯಾಸಿನೊ ಸಂಬಳ ಕೊಡುತ್ತದೆ, ಸಂಬಳ ಪಡೆದವರು ದಿನಸಿ ಕೊಳ್ಳುತ್ತಾರೆ, ದಿನಸಿ ಅಂಗಡಿಯವರು ಮನೆಗೆ ಬಣ್ಣ ಹೊಡೆಸುತ್ತಾರೆ. ಹೀಗೆ ಒಂದು ಡಾಲರ್ ಊರಿನೊಳಗೆ ಕೈ ಬದಲಿಸುತ್ತಾ ಒಂದಕ್ಕಿಂತ ಹೆಚ್ಚಿನ ವಹಿವಾಟು ಹುಟ್ಟಿಸುತ್ತದೆ. ಯಾವ ಉದ್ಯಮ ಯಾವ ಉದ್ಯಮದಿಂದ ಎಷ್ಟು ಕೊಳ್ಳುತ್ತದೆ ಎಂಬುದನ್ನು ಅಡ್ಡಸಾಲು, ಉದ್ದಸಾಲುಗಳಲ್ಲಿ ಬರೆದಿಟ್ಟ ಹೂಡುವಳಿ-ಹುಟ್ಟುವಳಿ ಕೋಷ್ಟಕದಿಂದ ಈ ಗುಣಕ ಸಿಗುತ್ತದೆ. ಈ ವಿಧಾನವನ್ನು ಬೆಳೆಸಿದ ವಾಸಿಲಿ ಲಿಯಾಂಟಿಯೆಫ್‌ಗೆ 1973ರಲ್ಲಿ ನೊಬೆಲ್ ಬಂತು. ಇಂದು ಇದಕ್ಕೆ ಸಿದ್ಧ ಸಾಫ್ಟ್‌ವೇರ್‌ಗಳಿವೆ. ಊರು, ಉದ್ಯಮ, ಮೊತ್ತ ತುಂಬಿದರೆ ಎಷ್ಟು ಉದ್ಯೋಗ, ಎಷ್ಟು ಆದಾಯ ಎಂದು ಪರದೆಯ ಮೇಲೆ ಬರುತ್ತದೆ. ಗಣಿತದಲ್ಲಿ ದೋಷವಿಲ್ಲ. ತುಂಬಿದ ಮೊತ್ತ ಊರಿಗೆ ಹೊಸದಾಗಿ ಬಂದದ್ದೇ ಎಂದು ಮಾತ್ರ ಸಾಫ್ಟ್‌ವೇರ್ ಕೇಳುವುದಿಲ್ಲ. ಕೇಳಬೇಕಾದವರು ಅದನ್ನು ಬಳಸುವವರು.

ಒಂದು ಕಾಲ್ಪನಿಕ ಊರಿನ ಲೆಕ್ಕ ಮಾಡಿ ನೋಡೋಣ. ಕ್ಯಾಸಿನೊದ ವರಮಾನ ವರ್ಷಕ್ಕೆ 100 ಕೋಟಿ ಇರಲಿ, ಗುಣಕ 1.5 ಇರಲಿ. ಪ್ರಚಾರದ ಕರಪತ್ರ ನೇರವಾಗಿ ಗುಣಿಸಿ 150 ಕೋಟಿಯ ಲಾಭ ಎಂದು ಅಚ್ಚು ಹಾಕುತ್ತದೆ. ಈಗ ಆ 100 ಕೋಟಿಯ ಮೂಲ ಹುಡುಕಿ. 60 ಕೋಟಿ ಊರಿನವರದೇ, 40 ಕೋಟಿ ಹೊರಗಿನಿಂದ ಬಂದವರದು. ಊರಿನವರ 60ರಲ್ಲಿ 15 ಕೋಟಿ ಮೊದಲು ಪಕ್ಕದ ರಾಜ್ಯದ ಕ್ಯಾಸಿನೊಗೆ ಹೋಗುತ್ತಿತ್ತು, ಈಗ ಊರಲ್ಲೇ ಉಳಿಯಿತು. ಉಳಿದ 45 ಕೋಟಿ ಇದೇ ಊರಿನ ಹೋಟೆಲು, ಬಟ್ಟೆ ಅಂಗಡಿ, ಸಿನಿಮಾ ಮಂದಿರಗಳಿಗೆ ಸೇರುತ್ತಿದ್ದ ದುಡ್ಡು. ಹೊರಗಿನವರ 40ರಲ್ಲೂ 5 ಕೋಟಿ ಹೇಗೂ ಈ ಊರಿಗೆ ಬಂದು ಬೇರೆಯದಕ್ಕೆ ಖರ್ಚು ಮಾಡುತ್ತಿದ್ದವರದು. ಹೀಗೆ 100ರಲ್ಲಿ ಹೊಸ ಹಣ 50 ಕೋಟಿ. ಇನ್ನುಳಿದ 50 ಕೋಟಿ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋದದ್ದು.

ಇಷ್ಟಕ್ಕೇ ಮುಗಿಯಲಿಲ್ಲ. ಕ್ಯಾಸಿನೊ ಗಳಿಸಿದ್ದೆಲ್ಲ ಊರಲ್ಲಿ ಉಳಿಯುವುದಿಲ್ಲ. ತೆರಿಗೆ ರಾಜ್ಯದ ಬೊಕ್ಕಸಕ್ಕೆ, ಲಾಭ ದೂರದ ಮುಖ್ಯ ಕಚೇರಿಗೆ, ಬಡ್ಡಿ ಸಾಲ ಕೊಟ್ಟವರಿಗೆ, ಯಂತ್ರದ ಬಾಡಿಗೆ ಅದನ್ನು ತಯಾರಿಸಿದವರಿಗೆ ಹೋಗುತ್ತದೆ. ಇದಕ್ಕೆ ಸೋರಿಕೆ ಎನ್ನುತ್ತಾರೆ. ಸಂಬಳ, ಸ್ಥಳೀಯ ಖರೀದಿ ಎಂದು 45 ಕೋಟಿ ಊರಲ್ಲಿ ಉಳಿಯಿತೆನ್ನಿ. ಜೇಬು ಬದಲಿಸಿದ ಆ 50 ಕೋಟಿ ಹಳೆಯ ಅಂಗಡಿ, ಹೋಟೆಲುಗಳಲ್ಲೇ ಖರ್ಚಾಗಿದ್ದರೆ ಸ್ಥಳೀಯ ಮಾಲೀಕರಿದ್ದ ಕಾರಣ 30 ಕೋಟಿ ಉಳಿಯುತ್ತಿತ್ತು. ಊರಿಗೆ ನಿಜವಾಗಿ ಹೆಚ್ಚಿದ್ದು 15 ಕೋಟಿ. ಗುಣಕ ಹಾಕಿದರೆ 22.5 ಕೋಟಿ. ಕರಪತ್ರದಲ್ಲಿದ್ದದ್ದು 150. ಗುಣಕ ಎರಡು ಕಡೆಯೂ ಒಂದೇ. ಅಂತರ ಹುಟ್ಟಿಸಿದ್ದು ಸೋರಿಕೆ ಮತ್ತು ‘ಕ್ಯಾಸಿನೊ ಇಲ್ಲದಿದ್ದರೆ ಈ ಹಣ ಎಲ್ಲಿರುತ್ತಿತ್ತು?’ ಎಂಬ ಒಂದು ಪ್ರಶ್ನೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಈ ಪ್ರಶ್ನೆಯೇ. ಆರ್ಥಿಕ ವರದಿಯೊಂದು ಕೈಗೆ ಬಂದರೆ ನಾನು ಮೊದಲು ಹುಡುಕುವುದು ಈ ಸಾಲನ್ನು.

ಈ ಪ್ರಶ್ನೆಯ ಉತ್ತರ, ಲೆಕ್ಕದ ಗಡಿಯನ್ನು ಎಲ್ಲಿ ಎಳೆಯುತ್ತೇವೆ ಎಂಬುದನ್ನೂ ಅವಲಂಬಿಸಿದೆ. ಮ್ಯಾಸಚೂಸೆಟ್ಸ್ ರೆಸಾರ್ಟ್ ಕ್ಯಾಸಿನೊಗಳ ವರಮಾನದ ಮೇಲೆ ಶೇ 25 ತೆರಿಗೆ ಹಾಕುತ್ತದೆ. ಊರಿನ ಲೆಕ್ಕದಲ್ಲಿ ಇದರ ಹೆಚ್ಚಿನ ಪಾಲು ಸೋರಿಕೆ, ರಾಜ್ಯದ ಲೆಕ್ಕದಲ್ಲಿ ಆದಾಯ. ಕನೆಕ್ಟಿಕಟ್‌ಗೆ ಹೋಗುತ್ತಿದ್ದ ಹಣ ಇಲ್ಲೇ ಉಳಿದರೆ ಮ್ಯಾಸಚೂಸೆಟ್ಸ್‌ಗೆ ಲಾಭ, ದೇಶದ ಲೆಕ್ಕದಲ್ಲಿ ಸೊನ್ನೆ. ಸಿಂಗಪುರ ಈ ತರ್ಕವನ್ನು ನೀತಿಯಾಗಿಯೇ ಅಳವಡಿಸಿಕೊಂಡಿತು. 2005ರಲ್ಲಿ ಕ್ಯಾಸಿನೊಗೆ ಒಪ್ಪಿಗೆ ಕೊಟ್ಟಾಗ ಗುರಿ ಪ್ರವಾಸಿಗರು. ಆದ್ದರಿಂದ 2010ರಲ್ಲಿ ಎರಡು ಕ್ಯಾಸಿನೊ ತೆರೆದಾಗ ಅಲ್ಲಿನ ಪ್ರಜೆಗಳು ಮತ್ತು ಕಾಯಂ ನಿವಾಸಿಗಳು ಒಳಹೋಗಲು ದಿನಕ್ಕೆ 100 ಸಿಂಗಪುರ ಡಾಲರ್ ಕಟ್ಟಬೇಕಿತ್ತು, 2019ರಿಂದ ಅದು 150 ಆಯಿತು. ವಿದೇಶಿಯರಿಗೆ ಶುಲ್ಕವಿಲ್ಲ.

ನಮ್ಮ ಪಕ್ಕದಲ್ಲೇ ಗೋವಾ ಇನ್ನೂ ಮುಂದೆ ಹೋಗಿದೆ. ಅಲ್ಲಿನ 1976ರ ಜೂಜು ಕಾಯಿದೆಗೆ 1992 ಮತ್ತು 1996ರಲ್ಲಿ ಮಾಡಿದ ತಿದ್ದುಪಡಿಗಳಿಂದ ತಾರಾ ಹೋಟೆಲುಗಳಲ್ಲಿ ಸ್ಲಾಟ್ ಯಂತ್ರಗಳು, ಹಡಗುಗಳಲ್ಲಿ ಕ್ಯಾಸಿನೊಗಳು ಬಂದವು. ಪಣಜಿಯ ಮಾಂಡೋವಿ ನದಿಯಲ್ಲಿ ಲಂಗರು ಹಾಕಿರುವ ಆ ಹಡಗುಗಳಲ್ಲಿ 2020ರ ಫೆಬ್ರುವರಿಯಿಂದ ಗೋವಾದವರು ಆಡುವಂತಿಲ್ಲ. ಅಂದರೆ ಗೋವಾದ ಲೆಕ್ಕದಲ್ಲಿ ಪ್ರತಿ ರೂಪಾಯಿಯೂ ಹೊರಗಿನದು. ಆ ಹೊರಗಿನವರಲ್ಲಿ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನವರೂ ಇದ್ದಾರೆ. 2007ರಲ್ಲಿ ಲಾಟರಿಯನ್ನೇ ನಿಲ್ಲಿಸಿದ ಕರ್ನಾಟಕದಿಂದ ಹಣ ಘಟ್ಟ ಇಳಿದು ಹೋದಾಗ, ಅದು ಪಣಜಿಯ ಲೆಕ್ಕಕ್ಕೆ ಜಮೆ. ಬೆಳಗಾವಿಯ ಅಂಗಡಿಗೆ ಬಾರದ ವ್ಯಾಪಾರ, ಮನೆಯಲ್ಲಿ ಕಟ್ಟದೆ ಉಳಿದ ಫೀಸು ಆ ಲೆಕ್ಕದ ಗಡಿಯಾಚೆ ಉಳಿದುಬಿಡುತ್ತವೆ. ಗಡಿ ಎಲ್ಲಿ ಎಳೆಯಬೇಕೆಂದು ಗಣಿತ ಹೇಳುವುದಿಲ್ಲ. ಅದನ್ನು ತೀರ್ಮಾನಿಸುವುದು ವರದಿ ಬರೆಸುವವರು.

ಕಾಲದ ಗಡಿಯೂ ಅಷ್ಟೇ ಮುಖ್ಯ. ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿಯಲ್ಲಿ ಮೊದಲ ಕ್ಯಾಸಿನೊ ತೆರೆದದ್ದು 1978ರ ಮೇ ತಿಂಗಳಲ್ಲಿ. ಪಕ್ಕದ ರಾಜ್ಯಗಳಲ್ಲಿ ಪೈಪೋಟಿ ಹೆಚ್ಚಿಲ್ಲದಿದ್ದಾಗ ವರಮಾನ ಏರುತ್ತಲೇ ಹೋಗಿ, 2006ರಲ್ಲಿ 520 ಕೋಟಿ ಡಾಲರ್ ಮುಟ್ಟಿತು. ಅದೇ ವರ್ಷದ ಕೊನೆಗೆ ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಕ್ಯಾಸಿನೊಗಳು ಶುರುವಾದವು. 2014ರ ಹೊತ್ತಿಗೆ ವರಮಾನ ಸರಿಸುಮಾರು ಅರ್ಧಕ್ಕಿಳಿಯಿತು, ಆ ಒಂದೇ ವರ್ಷದಲ್ಲಿ ಹನ್ನೆರಡರಲ್ಲಿ ನಾಲ್ಕು ಕ್ಯಾಸಿನೊ ಮುಚ್ಚಿದವು. ಅವುಗಳಲ್ಲಿ ರೆವೆಲ್ ಒಂದು. 240 ಕೋಟಿ ಡಾಲರಿನಲ್ಲಿ ಕಟ್ಟಿ 2012ರ ಏಪ್ರಿಲ್‌ನಲ್ಲಿ ತೆರೆದದ್ದು, ಎರಡೂವರೆ ವರ್ಷವೂ ನಡೆಯಲಿಲ್ಲ. ಮರುವರ್ಷ ಅದು ಮಾರಾಟವಾದದ್ದು 8.2 ಕೋಟಿ ಡಾಲರಿಗೆ. 2016ರಲ್ಲಿ ಊರಿನ ಹಣಕಾಸಿನ ಆಡಳಿತವನ್ನೇ ರಾಜ್ಯ ವಹಿಸಿಕೊಂಡಿತು. ನಮ್ಮಲ್ಲಿ ಕ್ಯಾಸಿನೊ ಬಂದರೆ ನೆರೆಯವರು ಕೈಕಟ್ಟಿ ಕೂರುತ್ತಾರೆ ಎಂದುಕೊಂಡ ಯಾವ ಅಂದಾಜೂ ಶಾಶ್ವತವಾಗಿ ಬಾಳುವುದಿಲ್ಲ.

ಕ್ಯಾಸಿನೊದಿಂದ ಒಳಿತೇ ಇಲ್ಲವೆಂದು ಪುರಾವೆಗಳು ಹೇಳುವುದಿಲ್ಲ. ಅಮೆರಿಕದ ಮೂಲನಿವಾಸಿ ಬುಡಕಟ್ಟುಗಳ ಕ್ಯಾಸಿನೊಗಳನ್ನು ವಿಲಿಯಂ ಇವಾನ್ಸ್ ಮತ್ತು ಜೂಲಿ ಟೊಪೊಲೆಸ್ಕಿ 2002ರಲ್ಲಿ ಪರಿಶೀಲಿಸಿದರು. ತೆರೆದು ನಾಲ್ಕು ವರ್ಷಕ್ಕೆ ಬುಡಕಟ್ಟಿನ ನೆಲೆಗಳಲ್ಲಿ ಉದ್ಯೋಗ ಶೇ 26ರಷ್ಟು ಹೆಚ್ಚಿತ್ತು. ಊರು ಬಿಟ್ಟಿದ್ದ ಯುವಕರು ಮರಳಿದ್ದರು. ಮೊದಲು ಕೆಲಸವೇ ಇಲ್ಲದಿದ್ದ, ಗಿರಾಕಿಗಳೆಲ್ಲ ಹೊರಗಿನವರಾದ ಜಾಗಗಳವು, ನಮ್ಮ ಕಾಲ್ಪನಿಕ ಲೆಕ್ಕದಲ್ಲೂ ಅಂಥ ಕಡೆ ಲಾಭ ದೊಡ್ಡದು. ಆದರೆ ಸುತ್ತಲಿನ ಕೌಂಟಿಗಳಲ್ಲಿ, ಅಂದರೆ ಅಲ್ಲಿನ ಜಿಲ್ಲೆಗಳಲ್ಲಿ, ದಿವಾಳಿ ಅರ್ಜಿಗಳು ಮತ್ತು ಕೆಲವು ಬಗೆಯ ಅಪರಾಧಗಳು ಶೇ 10ರಷ್ಟು ಏರಿದ್ದನ್ನೂ ಅದೇ ಅಧ್ಯಯನ ಕಂಡಿತು.

ಅಪರಾಧದ ಲೆಕ್ಕದಲ್ಲಿ ಇನ್ನೊಂದು ತೊಡಕಿದೆ. ಅರ್ಲ್ ಗ್ರಿನಾಲ್ಸ್ ಮತ್ತು ಡೇವಿಡ್ ಮಸ್ಟರ್ಡ್ 1977ರಿಂದ 1996ರವರೆಗಿನ ಕೌಂಟಿವಾರು ಅಂಕಿಗಳನ್ನು ಜಾಲಾಡಿ, ಕ್ಯಾಸಿನೊ ಇರುವ ಕೌಂಟಿಗಳ ಅಪರಾಧದಲ್ಲಿ ಸುಮಾರು ಶೇ 8ಕ್ಕೆ ಕ್ಯಾಸಿನೊ ಕಾರಣ ಎಂದರು. ಪರಿಣಾಮ ಮೊದಲ ವರ್ಷಗಳಲ್ಲಿ ಕಾಣದೆ ಆಮೇಲೆ ಬೆಳೆಯುತ್ತದೆ ಎಂದೂ ತೋರಿಸಿದರು. ಅಪರಾಧದ ದರವನ್ನು ನಿವಾಸಿಗಳ ಸಂಖ್ಯೆಯಿಂದ ಭಾಗಿಸಲಾಗಿದೆ, ಲಕ್ಷಾಂತರ ಪ್ರವಾಸಿಗರು ಬಂದುಹೋಗುವ ಊರಿನಲ್ಲಿ ಅವರನ್ನೂ ಛೇದದಲ್ಲಿ ಸೇರಿಸದಿದ್ದರೆ ದರ ಉಬ್ಬಿ ಕಾಣುತ್ತದೆ ಎಂದು ಟೀಕಾಕಾರರು ಆಕ್ಷೇಪಿಸಿದರು. ಆಕ್ಷೇಪ ನ್ಯಾಯವಾದದ್ದೇ. ಚಟಕ್ಕೆ ಬಿದ್ದವರ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಆಸ್ಟ್ರೇಲಿಯಾದ ಉತ್ಪಾದಕತಾ ಆಯೋಗ 2010ರಲ್ಲಿ ಅಂದಾಜಿಸಿದಂತೆ ಅಲ್ಲಿ ಜೂಜುಯಂತ್ರಗಳಿಗೆ ಹೋಗುವ ಹಣದಲ್ಲಿ ಸುಮಾರು ಶೇ 40 ಬರುವುದು ಜೂಜಿನ ಚಟ ಮಿತಿಮೀರಿದವರಿಂದ. ವಯಸ್ಕರಲ್ಲಿ ಅವರ ಪಾಲು ಶೇ 1ರಷ್ಟೂ ಇಲ್ಲ. ಸಂತೋಷಕ್ಕೆ ಕೊಟ್ಟ ಬೆಲೆ ಎಂಬ ಮಾತು ಇವರಿಗೆ ಒಪ್ಪುವುದಿಲ್ಲ. ಒಡೆದ ಮನೆ, ತೀರದ ಸಾಲ ಹೂಡುವಳಿ-ಹುಟ್ಟುವಳಿ ಕೋಷ್ಟಕದ ಯಾವ ಸಾಲಿನಲ್ಲೂ ಸೇರುವುದಿಲ್ಲ.

ಇಷ್ಟೆಲ್ಲ ಅನಿಶ್ಚಿತತೆಗೆ ಮ್ಯಾಸಚೂಸೆಟ್ಸ್ ಕಂಡುಕೊಂಡ ದಾರಿ ನನಗೆ ಬಹಳ ಮೆಚ್ಚುಗೆಯದು. ಮೊದಲು ಮತ್ತು ನಂತರ ಎರಡನ್ನೂ ಅಳೆಯಬೇಕೆಂದು 2011ರ ಕಾನೂನೇ ಹೇಳಿತು. 2013ರಿಂದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್ಹರ್ಸ್ಟ್ ತಂಡ, ಜೂಜಿನ ಅಧ್ಯಯನದಲ್ಲಿ ಹೆಸರಾದ ರೇಚಲ್ ವೋಲ್ಬರ್ಗ್ ಅವರ ನೇತೃತ್ವದಲ್ಲಿ ಈ ಕೆಲಸ ಹಿಡಿಯಿತು. ರಾಜ್ಯದಲ್ಲಿ ಒಂದೂ ಕ್ಯಾಸಿನೊ ತೆರೆಯುವ ಮುಂಚೆ 9,500ಕ್ಕೂ ಹೆಚ್ಚು ವಯಸ್ಕರನ್ನು ಮಾತಾಡಿಸಿ, ಜೂಜು ಸಮಸ್ಯೆಯಾಗಿರುವವರು ಸುಮಾರು ಶೇ 2 ಎಂದು ದಾಖಲಿಸಿತು. ತೆರೆದ ಮೇಲೆ ಸಮೀಕ್ಷಕರು ಕ್ಯಾಸಿನೊದ ಹೊರಬಾಗಿಲಲ್ಲಿ ನಿಂತರು. ಎಲ್ಲಿಂದ ಬಂದಿರಿ, ಒಳಗೆಷ್ಟು ಖರ್ಚಾಯಿತು, ಹೊರಗೆ ಊಟಕ್ಕೆ, ಪೆಟ್ರೋಲಿಗೆ ಎಷ್ಟು, ಇದು ಇಲ್ಲಿ ಇಲ್ಲದಿದ್ದರೆ ಬೇರೆ ರಾಜ್ಯದ ಕ್ಯಾಸಿನೊಗೆ ಹೋಗುತ್ತಿದ್ದಿರಾ ಎಂದು ಗಿರಾಕಿಗಳನ್ನು ಕೇಳಿದರು. ಹೊಸದಾಗಿ ಸೇರಿದ ನೌಕರರನ್ನು ಇದಕ್ಕೆ ಮೊದಲು ಕೆಲಸದಲ್ಲಿದ್ದಿರಾ ಎಂದು ಕೇಳಿದರು. ನಾವು ಮೇಲೆ ಕಲ್ಪಿಸಿಕೊಂಡ 15, 45, 5 ಎಂಬ ಅಂಕಿಗಳ ಜಾಗಕ್ಕೆ ಅಳೆದ ಅಂಕಿಗಳು ಬಂದವು. ವರದಿಗಳು ಎಲ್ಲರಿಗೂ ತೆರೆದಿವೆ, ಅವುಗಳನ್ನು ಬರೆಸಿದ್ದು ಲೈಸೆನ್ಸ್ ಕೇಳಿದ ಕಂಪನಿಯಲ್ಲ, ರಾಜ್ಯದ ಜೂಜು ಆಯೋಗ.

ಕ್ಯಾಸಿನೊಗೆ ಒಪ್ಪಿಗೆ ಕೊಡಲು ಯೋಚಿಸುವ ಯಾವುದೇ ಸರ್ಕಾರ ಇಂಥ ಅಳತೆಗೆ ಲೈಸೆನ್ಸ್‌ಗಿಂತ ಕನಿಷ್ಠ ಒಂದೆರಡು ವರ್ಷ ಮೊದಲೇ ಹಣ ತೆಗೆದಿಡಬೇಕು. ಹೊರಬಾಗಿಲಿನ ಸಮೀಕ್ಷೆಯನ್ನು ಯಾವಾಗ ಬೇಕಾದರೂ ಮಾಡಬಹುದು, ಆದರೆ ಆ 9,500 ಮಂದಿಯನ್ನು ಮಾತಾಡಿಸುವ ಕೆಲಸ ಕ್ಯಾಸಿನೊ ತೆರೆದ ಮರುದಿನಕ್ಕೇ ತಡವಾಗಿರುತ್ತದೆ.