ಬಿಬಿಸಿ ಮೈಕ್ರೊಗೆ ಮರುಜೀವ

ಬಿಬಿಸಿ ಎಂದೊಡನೆ ನಮಗೆಲ್ಲ ನೆನಪಾಗುವುದು ಸುದ್ದಿ. ಆದರೆ 1981ರ ಡಿಸೆಂಬರಿನಲ್ಲಿ ಅದೇ ಹೆಸರಿನ ಕಂಪ್ಯೂಟರೊಂದು ಬಂದಿತ್ತು. ಟೀವಿ ಸರಣಿಯೊಂದರ ಜೊತೆಜೊತೆಗೇ ಜನಕ್ಕೆ ಕಂಪ್ಯೂಟರ್ ಕಲಿಸಲೆಂದು ಕೇಂಬ್ರಿಜ್‌ನ ಏಕಾರ್ನ್ ಕಂಪನಿ ಮಾಡಿಕೊಟ್ಟ ಯಂತ್ರ ಅದು. ಕೆನೆಬಣ್ಣದ ಪೆಟ್ಟಿಗೆ, ಕಪ್ಪು ಕೀಲಿಗಳು, ಮೇಲ್ಸಾಲಿನಲ್ಲಿ ಹತ್ತು ಕೆಂಪು ಕೀಲಿ. ಮಾಡೆಲ್ ಬಿ ಎಂಬುದರಲ್ಲಿ ಇದ್ದ ಮೆಮೊರಿ ಬರೀ 32 ಕಿಲೋಬೈಟ್! 1984ರಲ್ಲಿ ಶುರುವಾದ 'ಕ್ಲಾಸ್' ಯೋಜನೆಯಲ್ಲಿ ನಮ್ಮ ದೇಶದ ಸುಮಾರು 250 ಶಾಲೆಗಳಿಗೂ ಇದು ಬಂತು. ನಿಮ್ಮಲ್ಲಿ ಕೆಲವರು ಮೊದಲ ಸಲ ಬೆರಳಿಟ್ಟದ್ದು ಇದರ ಮೇಲೇ ಇರಬಹುದು.

ಈಗ ಅದು ಅಪರೂಪ. ಯಾವುದಾದರೂ ಅಟ್ಟದ ಮೇಲೆ ಸಿಕ್ಕಿತು ಅನ್ನಿ. ಖುಷಿಯಲ್ಲಿ ತಕ್ಷಣ ಪ್ಲಗ್ ಹಾಕಿಬಿಡಬೇಡಿ, ದಮ್ಮಯ್ಯ. ಪವರ್ ಸಪ್ಲೈ ಒಳಗೆ ಮೇನ್ಸ್ ತಂತಿಗೇ ಸೇರಿಸಿದ ಎರಡು ಪುಟ್ಟ ಕೆಪಾಸಿಟರ್‌ಗಳಿವೆ. ಒಳಗೆ ಕಾಗದದ ಸುರುಳಿ, ಹೊರಗೆ ಗಾಜಿನಂಥ ಹೊದಿಕೆ. ವರ್ಷ ಕಳೆದಂತೆ ಹೊದಿಕೆ ಬಿರುಕು ಬಿಡುತ್ತದೆ, ಕಾಗದ ತೇವ ಹೀರುತ್ತದೆ. ಮುಂಬೈ, ಚೆನ್ನೈಗಳ ಹವೆಯಲ್ಲಂತೂ ಕೇಳಲೇಬೇಡಿ. ಕರೆಂಟ್ ಕೊಟ್ಟ ಸ್ವಲ್ಪ ಹೊತ್ತಿಗೆ ಢಬ್ ಎಂದು ಸಿಡಿದು ಮನೆಯೆಲ್ಲ ಹೊಗೆ, ಸುಟ್ಟ ವಾಸನೆ.

ಇವನ್ನು ಬದಲಿಸುವುದೇ ಮೊದಲ ಕೆಲಸ. ಲ್ಯಾಮಿಂಗ್ಟನ್ ರಸ್ತೆಯಲ್ಲೋ ರಿಚ್ಚಿ ಸ್ಟ್ರೀಟಿನಲ್ಲೋ ಕೇಳುವಾಗ 'ಎಕ್ಸ್2' ದರ್ಜೆಯದೇ ಬೇಕು ಎನ್ನಿ. ಮೇನ್ಸ್‌ಗೆಂದೇ ಮಾಡಿದ್ದು ಅದು. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮಿಕ್ಕಿ ಉಳಿದಿರಬಹುದು. ಸೋಲ್ಡರಿಂಗ್ ಚೆನ್ನಾಗಿ ಬಲ್ಲವರ ಕೈಯಲ್ಲೇ ಮಾಡಿಸಿ.

ಆಮೇಲೆ ಸ್ವಿಚ್ ಹಾಕಿ ಕಿವಿಗೊಡಿ. ಮೊದಲು ತಗ್ಗಿನ ಸ್ವರ, ಹಿಂದೆಯೇ ಏರುಸ್ವರದ ಒಂದು 'ಬೀಪ್' ಕೇಳಿದರೆ ಜೀವ ಇದೆ ಎಂದರ್ಥ. ತಗ್ಗಿನ ಸ್ವರವೇ ಎಳೆಯುತ್ತ ಹೋದರೆ ಒಳಗೆಲ್ಲೋ ತಡೆಯಿದೆ. ಕಿವಿಯಿಂದಲೇ ರೋಗ ಹೇಳುವ ಕಂಪ್ಯೂಟರ್ ರೇಡಿಯೊದವರಿಗೆ ಇಷ್ಟವಾಗದೆ ಇದ್ದೀತೆ?

ಫ್ಲಾಪಿಗಾಗಿ ಅಲೆಯಬೇಕಾಗಿಲ್ಲ. ಯಂತ್ರದ ಹೊಟ್ಟೆಯಡಿಯ ಯೂಸರ್ ಪೋರ್ಟಿಗೆ ಮೆಮೊರಿ ಕಾರ್ಡಿನ ಪುಟ್ಟ ಬೋರ್ಡ್ ಸಿಕ್ಕಿಸಿ, ಅದಕ್ಕೆ ಬೇಕಾದ ರಾಮ್ ಚಿಪ್ಪನ್ನು, ಅಂದರೆ ಓದಲಷ್ಟೇ ಬರುವ ಚಿಪ್ಪನ್ನು, ಖಾಲಿ ಸಾಕೆಟ್ಟಿಗೆ ಹಾಕಿದರೆ ನೂರಾರು ಡಿಸ್ಕುಗಳು ಒಂದೇ ಕಾರ್ಡಿನಲ್ಲಿ.

ಇನ್ನು ಸ್ವಾರಸ್ಯದ ಭಾಗ. ಇದಕ್ಕೆ ಎರಡನೇ ಪ್ರೊಸೆಸರ್ ಜೋಡಿಸಲು 'ಟ್ಯೂಬ್' ಎಂಬ ಕಿಂಡಿ ಇದೆ. ಏಕಾರ್ನ್‌ನ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ರೂಪಿಸಿದ ಮೊಟ್ಟಮೊದಲ ಆರ್ಮ್ ಚಿಪ್ 1985ರ ಏಪ್ರಿಲ್ 26ರಂದು ಕಣ್ಣು ಬಿಟ್ಟಿದ್ದು ಬಿಬಿಸಿ ಮೈಕ್ರೊಗೆ ಜೋಡಿಸಿದಾಗಲೇ. ಇಂದು ನಿಮ್ಮ ಮೊಬೈಲಿನಲ್ಲಿರುವುದೂ ಅದೇ ವಂಶದ್ದು. ಈಗ ಹವ್ಯಾಸಿಗಳು ಆ ಕಿಂಡಿಗೆ ಆರ್ಮ್ ಚಿಪ್ಪಿನ ರಾಸ್ಪ್‌ಬೆರಿ ಪೈ ಸೇರಿಸುತ್ತಾರೆ. 'ಪೈಟ್ಯೂಬ್‌ಡೈರೆಕ್ಟ್' ಎಂಬ ತಂತ್ರಾಂಶ ಹಾಕಿದರೆ ಅದು ಹಳೆಯ ಹಲವು ಪ್ರೊಸೆಸರ್‌ಗಳ ವೇಷ ಕಟ್ಟುತ್ತದೆ. ಮರಿಮಗ ಮುತ್ತಜ್ಜಿಯ ಕೈ ಹಿಡಿದು ನಡೆಸಿದಂತೆ! ಆದರೆ ನೇರ ತಂತಿ ಬೇಡ: ಮೈಕ್ರೊದ್ದು 5 ವೋಲ್ಟ್, ಪೈದು 3.3. ನಡುವೆ ವೋಲ್ಟೇಜ್ ಇಳಿಸುವ ಬೋರ್ಡ್ ಇಲ್ಲದಿದ್ದರೆ ಪೈ ಸುಟ್ಟೀತು.

ಪೆಟ್ಟಿಗೆಗೆ ಮಾತ್ರ ತೂತು ಕೊರೆಯಬೇಡಿ. ಮೇಲೆ ಹೇಳಿದ ಜೋಡಣೆಗಳಿಗೆ ಅದರ ಅಗತ್ಯವೇ ಇಲ್ಲ. ಬಿಚ್ಚಿದ ಭಾಗಗಳನ್ನು ಚೀಟಿ ಬರೆದು ಡಬ್ಬಿಯಲ್ಲಿಡಿ. ಮುಂದೆ ಯಾರಾದರೂ ಮೂಲದಂತೆಯೇ ಜೋಡಿಸಬೇಕೆಂದರೆ ಬೇಕಾಗುತ್ತವೆ.