ಬ್ಲೇಡಿನ ಮೇಲಿನ ಅಂಕಿ ಓದಿದ್ದೀರಾ?

ಊರಿನ ಆಚಾರಿಯವರ ಕೈಗರಗಸಕ್ಕೆ ವೇಗವೆಂದರೆ ಅವರ ತೋಳಿನ ಬಲವಷ್ಟೆ. ಮರದಲ್ಲಿ ಸಿಕ್ಕಿಕೊಂಡರೆ ಅಲ್ಲಿಯೇ ನಿಲ್ಲುತ್ತಿತ್ತು. ಮುಂಬಯಿಯಲ್ಲಿ ಹುಟ್ಟಿ ಬೆಳೆದ ನೀವು ಕಾಣುವುದು ಬೇರೆ. ಬೊರಿವಲಿಯೋ ಮುಲುಂಡೋ, ಫ್ಲಾಟಿನಲ್ಲಿ ಫರ್ನಿಚರ್ ಕೆಲಸ ನಡೆಯುವಲ್ಲಿ ಇಣುಕಿ ನೋಡಿ. ಪ್ಲೈವುಡ್ ಕೊಯ್ಯಲು ಎಷ್ಟೋ ಕಡೆ ಮಾರ್ಬಲ್ ಕಟರ್! ಕಲ್ಲು ಕೊಯ್ಯಲೆಂದು ಮಾಡಿದ 4 ಇಂಚಿನ ಯಂತ್ರಕ್ಕೆ ಮರದ ಬ್ಲೇಡು ಹಾಕಿಬಿಡುತ್ತಾರೆ. ಅಗ್ಗ, ಹಗುರ. ರಜೆಯ ದಿನ ಮನೆಗೊಂದು ಶೆಲ್ಫ್ ಮಾಡೋಣವೆಂದು ನಿಮ್ಮಲ್ಲೂ ಕೆಲವರು ಅದನ್ನೇ ಕೈಗೆತ್ತಿಕೊಳ್ಳುತ್ತೀರಿ. ಆದ್ದರಿಂದ ಈ ಮಾತು.

ಕಲ್ಲಿನ ಬ್ಲೇಡಿಗೆ ಚೂಪಾದ ಹಲ್ಲಿಲ್ಲ. ಅಂಚಿನ ವಜ್ರದ ಕಣಗಳು ಕಲ್ಲನ್ನು ತೇಯುತ್ತವೆ. ಮರದ ಬ್ಲೇಡು ಹಾಗಲ್ಲ, ಕಚ್ಚುತ್ತದೆ. ಗಂಟಿಗೋ ಮೊಳೆಗೋ ಕಚ್ಚಿಕೊಂಡರೆ ಯಂತ್ರವೇ ನಿಮ್ಮತ್ತ ಎಗರಿ ಬಂದೀತು. ಮರಕ್ಕೆಂದೇ ಮಾಡಿದ ಸರ್ಕ್ಯುಲರ್ ಸಾಗೆ ಕೆಳಗಡೆ ಸ್ಪ್ರಿಂಗಿನ ಕವಚವಿದೆ. ಎತ್ತಿದ ಕೂಡಲೆ ಹಲ್ಲುಗಳನ್ನು ಮುಚ್ಚುತ್ತದೆ. ಮಾರ್ಬಲ್ ಕಟರಿಗೆ ಅದಿಲ್ಲ. ಸ್ವಿಚ್ ಬಿಟ್ಟ ಮೇಲೂ ಬ್ಲೇಡು ಬರಿಮೈಯಲ್ಲಿ ತಿರುಗುತ್ತಿರುತ್ತದೆ. ಆ್ಯಂಗಲ್ ಗ್ರೈಂಡರಿಗೆ ಮರದ ಬ್ಲೇಡು ಹಾಕುವುದಂತೂ ಇನ್ನೂ ಕೆಟ್ಟದ್ದು. ಹಲಗೆಯ ಮೇಲೆ ಊರಿ ನಿಲ್ಲಲು ಅದಕ್ಕೆ ತಳಪಟ್ಟಿಯೂ ಇಲ್ಲ.

ವೇಗವನ್ನೂ ಗಮನಿಸಿ. 7 ಇಂಚಿನ ಸರ್ಕ್ಯುಲರ್ ಸಾ ನಿಮಿಷಕ್ಕೆ ಸುಮಾರು 5,000 ಸುತ್ತು ತಿರುಗಿದರೆ, ಮಾರ್ಬಲ್ ಕಟರ್ ಸುಮಾರು 12,000. ಆಗ ಅದರ ಬ್ಲೇಡಿನ ಅಂಚು ಗಂಟೆಗೆ ಹತ್ತಿರ ಹತ್ತಿರ 250 ಕಿಲೋಮೀಟರ್ ವೇಗದಲ್ಲಿರುತ್ತದೆ. ನಮ್ಮ ವಿರಾರ್ ಫಾಸ್ಟ್ ಅದರ ಅರ್ಧವೂ ಓಡುವುದಿಲ್ಲ! ಬ್ಲೇಡು ತಾಳಬಲ್ಲ ಗರಿಷ್ಠ ಸುತ್ತನ್ನು ಅದರ ಮೇಲೆಯೇ ಅಚ್ಚು ಹಾಕಿರುತ್ತಾರೆ. ಯಂತ್ರದ ಲೇಬಲಿನಲ್ಲಿರುವ ಅಂಕಿಗಿಂತ ಅದು ಕಡಿಮೆ ಇರಕೂಡದು. ಅಂಕಿಯೇ ಇಲ್ಲದ ಬ್ಲೇಡು ಎಷ್ಟು ಅಗ್ಗವಾದರೂ ಕೊಳ್ಳಬೇಡಿ. ಕವಚ ಕಳಚಿ 5 ಇಂಚಿನದನ್ನು ತುರುಕುವ ಜಾಣತನ ಬೇಡವೇ ಬೇಡ.

ಹಲ್ಲಿನ ಲೆಕ್ಕ ಸುಲಭ. 7 ಇಂಚಿನ ಬ್ಲೇಡಿನಲ್ಲಿ 24 ಹಲ್ಲು ಮರವನ್ನು ಉದ್ದಕ್ಕೆ ಸೀಳಲು. 60 ಹಲ್ಲು ಪ್ಲೈವುಡ್ಡಿಗೆ, ಸನ್ಮೈಕಾಕ್ಕೆ. ಬ್ಲೇಡು ಬದಲಿಸುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಿ. ಬ್ಲೇಡಿನ ಬಾಣವೂ ಕವಚದ ಬಾಣವೂ ಒಂದೇ ದಿಕ್ಕಿಗಿರಲಿ. ಹಲಗೆಯ ಕೆಳಗೆ ಹಲ್ಲು ಕಾಲು ಇಂಚಿಗಿಂತ ಹೆಚ್ಚು ಇಣುಕದಿರಲಿ. ಕಣ್ಣಿಗೆ ಕನ್ನಡಕ ಬೇಕು, ಸಡಿಲ ತೋಳಿನ ಅಂಗಿ ಬೇಡ.

ನಾಗದೇವಿ ಸ್ಟ್ರೀಟಿನ ಅಂಗಡಿಗಳಲ್ಲಿ ಬಗೆಬಗೆಯ ಬ್ಲೇಡುಗಳಿವೆ. 'ಲಕಡೀ ಕಾ ಬ್ಲೇಡ್' ಎಂದಷ್ಟೇ ಕೇಳಿದರೆ ಯಾವುದೋ ಒಂದು ಕೈಗೆ ಬಂದೀತು. ಮನೆಯಲ್ಲಿ ಯಂತ್ರವನ್ನು ನೋಡಿ ಬ್ಲೇಡಿನ ಅಳತೆ, ನಡುವಿನ ತೂತಿನ ಅಳತೆ, ಸುತ್ತಿನ ಅಂಕಿ ಮೂರನ್ನೂ ಚೀಟಿಯಲ್ಲಿ ಬರೆದುಕೊಂಡೇ ಲೋಕಲ್ ಹತ್ತಿ.