ನಿಮಗಿದು ಗೊತ್ತೆ? ಮೀನಿಗೆ ಕತ್ತರಿ ಬಲಮಗ್ಗುಲಿಗೇ!

ಸಂಗ್ರಹಾಲಯದ ಗಾಜಿನ ಭರಣಿಯಲ್ಲಿ ಬಿಳಿಚಿಕೊಂಡು ಕೂತ ಮೀನಿನ ಬಲಮಗ್ಗುಲಲ್ಲಿ ಸಣ್ಣ ಗಾಯ ಕಂಡರೆ, ಅದು ಬಹುಪಾಲು ಸಂಶೋಧಕರ ಕತ್ತರಿಯದೇ. ಚಿತ್ರ ತೆಗೆಯುವುದು, ಹುರುಪೆ ಎಣಿಸುವುದು ಎಡಮಗ್ಗುಲಲ್ಲಿ. ಹಾಗಾಗಿ ಅದನ್ನು ಮುಟ್ಟುವುದಿಲ್ಲ. ಡಿಎನ್‌ಎ ಪರೀಕ್ಷೆಗೆಂದು ಬಲಗಡೆಯಿಂದ ಕಡಲೆಕಾಳಿನಷ್ಟು ಮಾಂಸ ತೆಗೆದು ಶೇ. 95ರ ಆಲ್ಕೋಹಾಲ್‌ಗೆ ಹಾಕುತ್ತಾರೆ. ಅದೂ ಫಾರ್ಮಲಿನ್ ಸೋಕುವ ಮೊದಲೇ. ಫಾರ್ಮಲಿನ್ ಮೀನಿನ ಆಕಾರ ಉಳಿಸುತ್ತದೆ, ಡಿಎನ್‌ಎ ಕೆಡಿಸುತ್ತದೆ. ಉಳಿದ ಮೀನು ಕೆಲ ದಿನ ಫಾರ್ಮಲಿನ್‌ನಲ್ಲಿದ್ದು, ನೀರಲ್ಲಿ ನೆನೆದು, ಕೊನೆಗೆ ಶೇ. 70ರ ಆಲ್ಕೋಹಾಲ್ ಸೇರುತ್ತದೆ. ಜೊತೆಗಿರುವ ಚೀಟಿಗೆ ಪೆನ್ಸಿಲ್ಲೇ ವಾಸಿ. ಬಾಲ್‌ಪೆನ್ನಿನ ಬರಹ ಆಲ್ಕೋಹಾಲ್‌ನಲ್ಲಿ ಕರಗಿಹೋದರೆ, ಎಲ್ಲಿ, ಯಾವಾಗ ಸಿಕ್ಕಿದ ಮೀನು ಎಂಬುದೇ ತಿಳಿಯದು!

ಫಾರ್ಮಲಿನ್ ಸಾಲದೆ ಹೋದರೆ? 1938ರ ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಈಸ್ಟ್ ಲಂಡನ್ ಬಂದರಿಗೆ ಸುಮಾರು ಒಂದೂವರೆ ಮೀಟರ್ ಉದ್ದದ ನೀಲಿ ಮೀನೊಂದು ಬಂತು. ಕೋಟ್ಯಂತರ ವರ್ಷಗಳ ಹಿಂದೆಯೇ ಅಳಿಯಿತೆಂದು ಜಗತ್ತು ನಂಬಿದ್ದ ಸೀಲಕಾಂತ್ ಅದು. ಅಲ್ಲಿನ ಮ್ಯೂಸಿಯಮ್ಮಿನ ಮಾರ್ಜರಿ ಕೋರ್ಟ್ನಿ-ಲ್ಯಾಟಿಮರ್ ಶವಾಗಾರದಲ್ಲೂ ಜಾಗ ಕೇಳಿದರು, ಕೊಡಲಿಲ್ಲ. ಸಿಕ್ಕ ಅಷ್ಟಿಷ್ಟು ಫಾರ್ಮಲಿನ್‌ನಲ್ಲಿ ಹಳೆಯ ಪತ್ರಿಕೆ, ಹಾಸಿಗೆ ಬಟ್ಟೆ ನೆನೆಸಿ ಸುತ್ತಿಟ್ಟರು. ಸುಡುಬೇಸಿಗೆ ಬೇರೆ. ಒಳಗಿನ ಅಂಗಾಂಗ ಕೊಳೆತು ಎಸೆಯಬೇಕಾಯಿತು, ಚರ್ಮ, ತಲೆಬುರುಡೆಯಷ್ಟೇ ದಕ್ಕಿದವು. ಮೀನಿಗೇನೋ ಲ್ಯಾಟಿಮೇರಿಯಾ ಎಂದು ಅವರದೇ ಹೆಸರು ಬಂತು. ಅದರ ಹೊಟ್ಟೆಯೊಳಗೆ ಏನಿದೆಯೆಂದು ನೋಡಲು ಮಾತ್ರ ವಿಜ್ಞಾನಿಗಳು 1952ರಲ್ಲಿ ಕೊಮೊರೊ ದ್ವೀಪಗಳಲ್ಲಿ ಎರಡನೆಯದು ಸಿಗುವವರೆಗೆ ಕಾಯಬೇಕಾಯಿತು.